ತಟ್ಟೆ ಮಗುಚಿ ನೋಡಿ: ಹಳೆಯ ಪಿಂಗಾಣಿ ಬಗ್ಗೆ ನಿಮ್ಮ ಪ್ರಶ್ನೆಗಳು

ಸೆಕೆಂಡ್ ಹ್ಯಾಂಡ್ ಸಾಮಾನಿನ ರಾಶಿಯಲ್ಲಿ ಸಿಕ್ಕ ಚಿತ್ತಾರದ ತಟ್ಟೆ, ಕಪ್ಪು, ಬಸಿಗಳ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ಯಾರು ಮಾಡಿದ್ದು, ಯಾವ ಕಾಲದ್ದು, ಬಳಸಬಹುದಾ ಅಂತ ಹೆಚ್ಚುಕಡಿಮೆ ಎಲ್ಲರೂ ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಏಳಕ್ಕೆ ಇಳಿಸಿದ್ದೇನೆ. ಮುಂದೆ ಫೋಟೊ ಕಳಿಸುವವರು ತಟ್ಟೆಯ ಮುಖದ ಜೊತೆಗೆ ಬೆನ್ನಿನ ಫೋಟೊವನ್ನೂ ದಯವಿಟ್ಟು ಕಳಿಸಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಪ್ರಶ್ನೆ: ಕೆಂಪು, ಹಳದಿ ಗುಲಾಬಿ ಹೂಗಳ ಚಿತ್ತಾರ, ಅಂಚಿಗೆ ಚಿನ್ನದ ಗೆರೆ ಇರುವ ಕಪ್ಪು-ಬಸಿ ಸಿಕ್ಕಿದೆ. ಅಡಿಯಲ್ಲಿ ರಾಯಲ್ ಆಲ್ಬರ್ಟ್, ಬೋನ್ ಚೈನಾ, ಇಂಗ್ಲೆಂಡ್, ಓಲ್ಡ್ ಕಂಟ್ರಿ ರೋಸಸ್ ಎಂದಿದೆ. ಜೊತೆಗೆ 1962 ಅಂತಲೂ ಇದೆ. ಹಾಗಾದರೆ ಇದು 1962ರಲ್ಲಿ ಮಾಡಿದ್ದೇ ಅಲ್ವಾ?

ಉತ್ತರ: ಆ ಅಂಕಿಯೊಂದನ್ನೇ ನಂಬಿ ಹಾಗೆ ಹೇಳಲು ಬರುವುದಿಲ್ಲ. 1962 ಎಂಬುದು ಓಲ್ಡ್ ಕಂಟ್ರಿ ರೋಸಸ್ ಎಂಬ ಆ ಚಿತ್ತಾರ ಮೊದಲು ಹೊರಬಂದ ವರ್ಷ. ಹೆರಾಲ್ಡ್ ಹೋಲ್ಡ್‌ಕ್ರಾಫ್ಟ್ ಎಂಬ ಕಲಾವಿದರು ಬಿಡಿಸಿದ್ದು. ಅಲ್ಲಿಂದ ಇಲ್ಲಿವರೆಗೆ ಈ ಚಿತ್ತಾರ ನಿಂತೇ ಇಲ್ಲ, ಹತ್ತು ಕೋಟಿಗೂ ಜಾಸ್ತಿ ಮಾರಾಟವಾಗಿದೆ ಎಂದು ಕಂಪನಿಯೇ ಹೇಳಿಕೊಂಡಿದೆ. 1962ರ ಪಕ್ಕದಲ್ಲಿ ವೃತ್ತದೊಳಗೆ ಒಂದು ಸಿ ಅಕ್ಷರ ಇದೆಯಾ ನೋಡಿ. ಇದ್ದರೆ ಅದು ಚಿತ್ತಾರದ ಹಕ್ಕಿನ ಗುರುತು. ಎಷ್ಟೋ ವರ್ಷಗಳ ನಂತರ ಮಾಡಿದ ಕಪ್ಪಿನ ಮೇಲೂ ಅದೇ ಇಸವಿ ಇರುತ್ತದೆ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು "ಇಂಗ್ಲೆಂಡ್" ಎಂಬ ಪದ. 2000ದ ದಶಕದ ಶುರುವಿನಲ್ಲಿ ಇದರ ತಯಾರಿಕೆ ಇಂಡೋನೇಷ್ಯಾಕ್ಕೆ ಹೋಯಿತು. ಹಾಗಾಗಿ ನಿಮ್ಮ ಕಪ್ಪು ಅದಕ್ಕಿಂತ ಹಿಂದಿನದು. 1962ರಿಂದ ಸುಮಾರು 2002ರ ತನಕ ಅಂತ ಧೈರ್ಯವಾಗಿ ಹೇಳಬಹುದು. ಇನ್ನೂ ಹತ್ತಿರ ಹೋಗಬೇಕಾದರೆ ಮುದ್ರೆಯಲ್ಲಿರುವ ಸಾಲುಗಳನ್ನು ಒಂದೊಂದಾಗಿ, ಅಕ್ಷರದ ಆಕಾರ ಸಮೇತ, ಕಾಲ ಗೊತ್ತಿರುವ ಮುದ್ರೆಗಳ ಜೊತೆ ಹೋಲಿಸಬೇಕು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಉಳಿದ ಎಲ್ಲ ಪ್ರಶ್ನೆಗೂ ಇದೇ ಬೇಕಾಗುತ್ತದೆ. ಪಿಂಗಾಣಿಯ ಅಡಿಯಲ್ಲಿರುವ ಗುರುತುಗಳಲ್ಲಿ ಜಾಸ್ತಿ ಪಾಲು "ಇದು ಇಂಥ ವರ್ಷದ್ದು" ಅಂತ ಹೇಳುವುದಿಲ್ಲ, "ಇದಕ್ಕಿಂತ ಮುಂಚಿನದಲ್ಲ" ಅಂತ ಮಾತ್ರ ಹೇಳುತ್ತವೆ. ಒಂದೇ ತಟ್ಟೆಯಲ್ಲಿ ನಾಲ್ಕು ಗುರುತು ಇದ್ದರೆ, ಆ ನಾಲ್ಕರಲ್ಲಿ ಯಾವುದು ಎಲ್ಲಕ್ಕಿಂತ ಈಚಿನದೋ ಅದನ್ನೇ ನಂಬಿ. ಸಂಸ್ಥೆ ಹುಟ್ಟಿದ ಇಸವಿ ದೊಡ್ಡದಾಗಿ ಇರಬಹುದು, ಇಂಗ್ಲೆಂಡಿನ ವೆಡ್ಜ್‌ವುಡ್ ಕಂಪನಿಯ ತಟ್ಟೆಗಳ ಮೇಲೆ 1759 ಅಂತ ಇರುವ ಹಾಗೆ. ಅದರ ಕೆಳಗೇ ಸಣ್ಣಕ್ಷರದಲ್ಲಿ "ಡಿಶ್‌ವಾಷರ್ ಸೇಫ್" ಅಂತ ಇದ್ದರೆ ತಟ್ಟೆ 20ನೇ ಶತಮಾನದ ಎರಡನೇ ಅರ್ಧಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. "ಮೈಕ್ರೋವೇವ್" ಪದ ಇದ್ದರೆ ಇನ್ನೂ ಈಚೆಗೆ ಬನ್ನಿ.

ಪ್ರಶ್ನೆ: ನೀಲಿ ಚಿತ್ರದ ಊಟದ ತಟ್ಟೆ ಒಂದು ಸಿಕ್ಕಿದೆ. ಸೇತುವೆ, ಅದರ ಮೇಲೆ ಮೂರು ಜನ, ಒಂದು ಮರ, ಮೇಲೆ ಎರಡು ಹಕ್ಕಿ. ಹಿಂದೆ ಯಾವ ಮುದ್ರೆಯೂ ಇಲ್ಲ. ಚೀನಾದ್ದು, ಇನ್ನೂರು ವರ್ಷ ಹಳೆಯದು ಅಂತ ಕೊಟ್ಟವರು ಹೇಳಿದರು. ನಂಬಬಹುದಾ?

ಉತ್ತರ: ಇದು ವಿಲೋ ಚಿತ್ತಾರ, ನೀವು ಹೇಳಿದ ಆ ಮರದ ಹೆಸರೇ ವಿಲೋ. ಮರ, ಹಕ್ಕಿ, ದೋಣಿ, ಮಂಟಪ ಎಲ್ಲ ಚೀನಾದ ಹಾಗೆ ಕಂಡರೂ ಈ ಜೋಡಣೆ ಇಂಗ್ಲೆಂಡಿನದು. ಚೀನಾದಿಂದ ಬರುತ್ತಿದ್ದ ನೀಲಿ-ಬಿಳಿ ಪಿಂಗಾಣಿಯನ್ನು ನೋಡಿ 1790ರ ಸುಮಾರಿಗೆ ಅಲ್ಲಿನ ಕುಂಬಾರಿಕೆಯವರು ಮಾಡಿಕೊಂಡಿದ್ದು. ಶ್ರೀಮಂತ ಅಧಿಕಾರಿಯ ಮಗಳು ಅಪ್ಪನ ಗುಮಾಸ್ತನ ಜೊತೆ ಓಡಿಹೋಗುವುದು, ಕೊನೆಗೆ ಇಬ್ಬರೂ ಹಕ್ಕಿಗಳಾಗುವುದು, ಆ ಕಥೆಯೂ ಚೀನಾದ್ದಲ್ಲ. ತಟ್ಟೆ ಬಂದು ಅರ್ಧ ಶತಮಾನ ಕಳೆದ ಮೇಲೆ, 1849ರಲ್ಲಿ, ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಜನಪ್ರಿಯವಾಯಿತು. ಚಿತ್ರ ಮೊದಲು, ಕಥೆ ಆಮೇಲೆ. ನನಗೆ ಈ ವಿಷಯ ತುಂಬಾ ಇಷ್ಟ.

ಕಷ್ಟ ಏನೆಂದರೆ ಈ ಚಿತ್ತಾರವನ್ನು ನೂರಾರು ತಯಾರಕರು ಮಾಡಿದ್ದಾರೆ, ಇಂಗ್ಲೆಂಡಿನಲ್ಲಿ ಮಾತ್ರವಲ್ಲ, ಜಪಾನ್, ಅಮೆರಿಕದಲ್ಲೂ, ಇವತ್ತಿಗೂ ಮಾಡುತ್ತಿದ್ದಾರೆ. ಹಾಗಾಗಿ ಚಿತ್ರ ನೋಡಿ ಕಾಲ ಹೇಳಲು ಆಗುವುದಿಲ್ಲ. ಮುದ್ರೆಯೂ ಇಲ್ಲ ಅಂದಮೇಲೆ ತಟ್ಟೆಯನ್ನೇ ಕೇಳಬೇಕು. ಬೆಳಕು ಚೆನ್ನಾಗಿರುವ ಕಿಟಕಿ ಪಕ್ಕ ಕೂತು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದನ್ನು ಇಟ್ಟುಕೊಳ್ಳಿ.

ಮೊದಲು ಅಂಚಿನ ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಒಂದು ಸುತ್ತು ಬನ್ನಿ. ಎಲ್ಲಾದರೂ ಒಂದು ಕಡೆ ಚಿತ್ತಾರ ತಟಕ್ಕನೆ ತುಂಡಾಗಿ, ಎರಡು ತುದಿ ಸರಿಯಾಗಿ ಕೂಡದೆ, ಅರ್ಧ ಹೂವಿನ ಪಕ್ಕ ಇನ್ನೊಂದರ ಅರ್ಧ ಬಂದು ಕೂತಿದೆಯಾ? ಸಿಕ್ಕರೆ ಖುಷಿಪಡಿ, ಅದು ಕೈಯ ಗುರುತು. ಆಗಿನ ಅಚ್ಚಿನ ಕೆಲಸ ಹೀಗಿತ್ತು: ತಾಮ್ರದ ಹಲಗೆಯಲ್ಲಿ ಚಿತ್ರ ಕೆತ್ತಿ, ಅದಕ್ಕೆ ಎಣ್ಣೆ ಬೆರೆಸಿದ ಬಣ್ಣ ತುಂಬಿ, ತೆಳು ಟಿಶ್ಯೂ ಕಾಗದದ ಮೇಲೆ ಒತ್ತಿ ತೆಗೆಯುತ್ತಿದ್ದರು. ಆ ಕಾಗದವನ್ನು ಕತ್ತರಿಸಿ, ಒಮ್ಮೆ ಸುಟ್ಟ ತಟ್ಟೆಗೆ ಅಂಟಿಸಿ, ಗಟ್ಟಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ಆಮೇಲೆ ನೀರಲ್ಲಿ ಕಾಗದ ತೊಳೆದುಬಿಟ್ಟರೆ ಬಣ್ಣ ಮಾತ್ರ ಉಳಿಯುತ್ತಿತ್ತು. ಅದರ ಮೇಲೆ ಗ್ಲೇಜ್, ಅಂದರೆ ಗಾಜಿನ ಹಾಗೆ ಹೊಳೆಯುವ ಲೇಪ, ಹಾಕಿ ಮತ್ತೆ ಸುಡುವುದು. ಅಂಚಿಗೆ ಬೇರೆ ಪಟ್ಟಿ, ನಡುವಿನ ಚಿತ್ರಕ್ಕೆ ಬೇರೆ ತುಂಡು. ಅಂಟಿಸುವವರು ಪಟ್ಟಿಯನ್ನು ಸುತ್ತಲೂ ತಂದು ಕೊನೆಯಲ್ಲಿ ಕೂಡಿಸುವಾಗ ಒಂದೆರಡು ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತಿತ್ತು. ಕಾಗದ ಮಡಿಸಿಕೊಂಡ ಕಡೆ ಸಣ್ಣ ಸುಕ್ಕಿನ ಗೆರೆಯೂ ಕಾಣಬಹುದು.

ಆಮೇಲೆ ಭೂತಗನ್ನಡಿಯಲ್ಲಿ ನೀಲಿಯನ್ನೇ ನೋಡಿ. ಕೆತ್ತನೆಯಿಂದ ಬಂದ ಚಿತ್ರದಲ್ಲಿ ಗೆರೆಗಳು ಒಂದೊಂದೂ ದಪ್ಪ-ತೆಳು ಆಗಿರುತ್ತವೆ, ನೆರಳಿನ ಜಾಗದಲ್ಲಿ ಕೈಯಿಂದ ಕುಟ್ಟಿದ ಚುಕ್ಕಿಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಪೇಪರಿನಲ್ಲಿ ಅಚ್ಚಾದ ಫೋಟೊದ ಹಾಗೆ ಚುಕ್ಕಿಗಳು ಸಾಲಾಗಿ, ಸಮ ಅಂತರದಲ್ಲಿ ಇದ್ದರೆ ಅದು ಈಚಿನ ಯಂತ್ರದ ಮುದ್ರಣ. ಒಂದು ಸಲ ನನ್ನ ಮೇಜಿನ ಮೇಲೆ ಎರಡು ವಿಲೋ ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ಹೀಗೆ ನೋಡಿದ್ದೆ. ಬರಿಗಣ್ಣಿಗೆ ಅವಳಿಗಳು. ಕನ್ನಡಿಯಡಿ ಒಂದರಲ್ಲಿ ವಿಲೋ ಎಲೆಗಳು ಒಂದೊಂದೂ ಬೇರೆ ಬೇರೆ, ಉಳಿಯ ಮೊನೆ ಎಲ್ಲಿ ಇಳಿದು ಎಲ್ಲಿ ಎದ್ದಿತು ಎಂಬುದು ಕಾಣುವಷ್ಟು. ಇನ್ನೊಂದರಲ್ಲಿ ಬರೀ ಚುಕ್ಕಿಗಳ ಸಾಲು. ಅವತ್ತಿನಿಂದ ನಾನು ಭೂತಗನ್ನಡಿ ಇಲ್ಲದೆ ಹಳೆ ಪಿಂಗಾಣಿ ನೋಡಲು ಹೋಗಿಲ್ಲ.

ಮೂರನೆಯದು, ಮಗುಚಿ ಹಾಕಿ. ತಳದ ಉಂಗುರದ ಮೂಲೆಯಲ್ಲಿ ಗ್ಲೇಜ್ ಕೂಡಿಕೊಂಡ ಕಡೆ ತಿಳಿ ನೀಲಿ ಛಾಯೆ ಇದೆಯಾ? ಇದ್ದರೆ ಅದು ಪರ್ಲ್‌ವೇರ್ ಇರಬಹುದು. ಮಣ್ಣಿನ ಹಳದಿ ಮರೆಸಿ ಚೀನಾದ ಪಿಂಗಾಣಿಯಷ್ಟು ಬೆಳ್ಳಗೆ ಕಾಣಿಸಲಿ ಅಂತ ಗ್ಲೇಜ್‌ಗೆ ನೀಲಿ ಬಣ್ಣ ಕೊಡುವ ಕೋಬಾಲ್ಟ್ ಒಂಚೂರು ಸೇರಿಸುತ್ತಿದ್ದರು. ಇದು ಸುಮಾರು 1780ರಿಂದ 1840ರ ನಡುವೆ ಜಾಸ್ತಿ ಚಾಲ್ತಿಯಲ್ಲಿತ್ತು. ಅಂಚಿನ ಹಿಂಭಾಗದಲ್ಲಿ ಮೂರು ಕಡೆ ಒರಟು ಚುಕ್ಕೆಗಳಿದ್ದರೆ ಗಾಬರಿ ಬೇಡ, ಒಲೆಯಲ್ಲಿ ತಟ್ಟೆಗಳು ಒಂದಕ್ಕೊಂದು ಅಂಟದಿರಲಿ ಅಂತ ಇಟ್ಟ ಆಸರೆಯ ಕಲೆ ಅದು.

ಉಂಗುರದ ಸವೆತವನ್ನೂ ನೋಡಿ. ನಿಜವಾದ ಬಳಕೆಯಲ್ಲಿ ಮೇಜಿಗೆ ತಾಗುವ ಜಾಗ ಮಾತ್ರ ಸವೆಯುತ್ತದೆ, ಅದೂ ಏರುಪೇರಾಗಿ. ಮುಖದ ಮೇಲೆ ಚಾಕುವಿನ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಎಲ್ಲ ಕಡೆ ಒಂದೇ ಸಮ ಉಜ್ಜಿದ ಹಾಗೆ, ಕಂದು ಬಣ್ಣ ಬಳಿದ ಹಾಗೆ ಇದ್ದರೆ ಅನುಮಾನ ಪಡಿ. ಇನ್ನೂರು ವರ್ಷ ಅನ್ನುವ ಮಾತನ್ನು ಇಷ್ಟೆಲ್ಲ ನೋಡಿದ ಮೇಲೆ ಒಪ್ಪಿ ಅಥವಾ ಬಿಡಿ. ಮುದ್ರೆ ಇಲ್ಲ ಅನ್ನುವುದು ಮಾತ್ರ ಅದಕ್ಕೆ ಸಾಕ್ಷಿಯಲ್ಲ. ಆಗ ಮುದ್ರೆ ಇಲ್ಲದೆ ಎಷ್ಟೋ ಮಾಡಿದ್ದಾರೆ, ಈಗಲೂ ಮಾಡುತ್ತಾರೆ.

ಪ್ರಶ್ನೆ: ಜಗ್ಗಿನ ಅಡಿಯಲ್ಲಿ ವಜ್ರದ ಆಕಾರದ ಗುರುತು ಇದೆ. ಮೂಲೆಗಳಲ್ಲಿ ಅಕ್ಷರ, ಅಂಕಿ. ಇದೇನು?

ಉತ್ತರ: ನಿಮಗೆ ಒಳ್ಳೆಯ ಗುರುತೇ ಸಿಕ್ಕಿದೆ. ಬ್ರಿಟನ್ನಿನಲ್ಲಿ 1842ರಿಂದ 1883ರ ತನಕ ವಿನ್ಯಾಸ ನೋಂದಣಿ ಮಾಡಿಸಿದರೆ ಈ ವಜ್ರದ ಗುರುತು ಹಾಕಬಹುದಿತ್ತು. ತುತ್ತತುದಿಯ ಸಣ್ಣ ವೃತ್ತದಲ್ಲಿ ರೋಮನ್ ಅಂಕಿ ನಾಲ್ಕು ಇದ್ದರೆ ಅದು ಪಿಂಗಾಣಿ, ಮಣ್ಣಿನ ಸಾಮಾನಿನ ವರ್ಗ. ವರ್ಷ ಇರುವುದು ಒಂದು ಅಕ್ಷರದಲ್ಲಿ, ಆದರೆ ಆ ಅಕ್ಷರ ಎಲ್ಲಿ ಕೂತಿದೆ ಎಂಬುದೇ ಮುಖ್ಯ. 1867ರ ತನಕ ವರ್ಷದ ಅಕ್ಷರ ಮೇಲಿನ ಮೂಲೆಯಲ್ಲಿ, ವೃತ್ತದ ಕೆಳಗೆ. 1868ರಿಂದ ಅದು ಬಲ ಮೂಲೆಗೆ ಬಂತು. ಅಕ್ಷರಗಳು ಎ, ಬಿ, ಸಿ ಅಂತ ಸರದಿಯಲ್ಲಿ ಬರುವುದಿಲ್ಲ, ಬೇಕಂತಲೇ ಕಲಸಿದ್ದಾರೆ. ಎಕ್ಸ್ ಅಕ್ಷರ ಮೇಲಿದ್ದರೆ 1842, ಅದೇ ಎಕ್ಸ್ ಬಲಕ್ಕಿದ್ದರೆ 1868. ನಿಮ್ಮ ಫೋಟೊದಲ್ಲಿ ಬಲ ಮೂಲೆಯಲ್ಲಿ ಸಿ ಕಾಣುತ್ತಿದೆ. ಹಾಗಾದರೆ 1870. ಮೇಲೆ ಇದ್ದಿದ್ದರೆ 1844 ಆಗುತ್ತಿತ್ತು, ಇಪ್ಪತ್ತಾರು ವರ್ಷದ ವ್ಯತ್ಯಾಸ!

ಆದರೆ ಇದು ವಿನ್ಯಾಸ ನೋಂದಣಿಯಾದ ದಿನ, ಜಗ್ಗು ಒಲೆಯಿಂದ ಹೊರಬಂದ ದಿನವಲ್ಲ. ಪಿಂಗಾಣಿಗೆ ಮೂರು ವರ್ಷದ ರಕ್ಷಣೆ ಇತ್ತು. ವಿನ್ಯಾಸಕ್ಕೆ ಬೇಡಿಕೆ ಇದ್ದರೆ ಆಮೇಲೂ ಅದೇ ಗುರುತಿನ ಸಮೇತ ಮಾಡುತ್ತಾ ಹೋಗುತ್ತಿದ್ದರು.

1884ರಿಂದ ವಜ್ರ ಹೋಗಿ "ಆರ್‌ಡಿ ನಂ." ಎಂಬ ನೋಂದಣಿ ಸಂಖ್ಯೆ ಬಂತು, ಒಂದರಿಂದ ಶುರು. 1890ರ ಹೊತ್ತಿಗೆ ಸಂಖ್ಯೆ ಸುಮಾರು 1,41,000, 1900ಕ್ಕೆ ಸುಮಾರು 3,51,000. ಹಾಗಾಗಿ 2,00,000 ಅಂತ ಇದ್ದರೆ 1890ರ ದಶಕ ಅಂತ ಕಣ್ಣುಮುಚ್ಚಿ ಹೇಳಬಹುದು. ಆ ಕಾಲದ ನೋಂದಣಿ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇವೆ. ಸಂಖ್ಯೆ ಗೊತ್ತಿದ್ದರೆ ನೋಂದಣಿ ಮಾಡಿಸಿದವರು ಯಾರು ಎಂಬುದನ್ನೂ ಹುಡುಕಬಹುದು. ಮುದ್ರೆ ಅರ್ಧ ಅಳಿಸಿಹೋದ ತಟ್ಟೆಗಳಿಗೆ ಇದು ದೊಡ್ಡ ಆಸರೆ.

ಪ್ರಶ್ನೆ: ನನ್ನ ತಟ್ಟೆಯಲ್ಲಿ "ವೆಡ್ಜ್‌ವುಡ್ ಅಂಡ್ ಕೋ" ಅಂತಿದೆ. ಪ್ರಸಿದ್ಧ ವೆಡ್ಜ್‌ವುಡ್ ತಾನೇ?

ಉತ್ತರ: ಅಲ್ಲ. ಆ "ಅಂಡ್ ಕೋ" ಇದ್ದರೆ ಅದು ಸ್ಟಾಫರ್ಡ್‌ಶೈರ್‌ನ ಟನ್‌ಸ್ಟಾಲ್‌ನಲ್ಲಿದ್ದ ಬೇರೆ ಕಂಪನಿ. ಅವರ ಕೆಲಸವೂ ಚೆನ್ನಾಗಿದೆ, ಬೇಜಾರು ಬೇಡ. ಹೆಸರಿನ ನಡುವೆ, ಜಿ ಆದಮೇಲೆ, ಒಂದು ಇ ಅಕ್ಷರ ಜಾಸ್ತಿ ಇದ್ದರೂ ಜೋಸೈಯಾ ವೆಡ್ಜ್‌ವುಡ್ ಕಟ್ಟಿದ ಕಂಪನಿಯಲ್ಲ. ಹೆಸರಿನ ಒಂದೊಂದು ಅಕ್ಷರವನ್ನೂ ಓದಿ. ಹಾಗೆಯೇ "ಲಿಮೋಜ್" ಅಂದರೆ ಕಂಪನಿಯಲ್ಲ, ಫ್ರಾನ್ಸಿನ ಒಂದು ಊರು. 1768ರಲ್ಲಿ ಹತ್ತಿರದ ಸೇಂಟ್ ಇರಿಯೇಯಲ್ಲಿ ಬಿಳಿ ಕಾವೊಲಿನ್ ಮಣ್ಣು ಸಿಕ್ಕಿದ ಮೇಲೆ ಅಲ್ಲಿ ಹತ್ತಾರು ಕಾರ್ಖಾನೆಗಳು ಬಂದವು. ಲಿಮೋಜ್ ತಟ್ಟೆಯಲ್ಲಿ ಎರಡು ಮುದ್ರೆ ಇದ್ದರೆ ಗೊಂದಲ ಬೇಡ. ಸಾಮಾನ್ಯವಾಗಿ ಗ್ಲೇಜ್ ಕೆಳಗಿನ ಹಸಿರು ಮುದ್ರೆ ಬಿಳಿ ತಟ್ಟೆ ಮಾಡಿದವರದು, ಮೇಲಿನ ಕೆಂಪು ಮುದ್ರೆ ಚಿತ್ತಾರ ಬರೆದವರದು.

ಪ್ರಶ್ನೆ: ದೇಶದ ಹೆಸರು ನೋಡಿ ಕಾಲ ಹೇಳಬಹುದು ಅಂತ ಕೇಳಿದ್ದೇನೆ. ಒಂದರ ಮೇಲೆ "ನಿಪ್ಪಾನ್", ಇನ್ನೊಂದರ ಮೇಲೆ "ಡಬ್ಲ್ಯೂ. ಜರ್ಮನಿ" ಎಂದಿದೆ.

ಉತ್ತರ: ಹೇಳಬಹುದು, ತುಂಬಾ ಸುಲಭವಾದ ದಾರಿ ಇದು. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ 1891ರಲ್ಲಿ ಜಾರಿಗೆ ಬಂದಾಗ, ಅಲ್ಲಿಗೆ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕಾಯಿತು. "ಇಂಗ್ಲೆಂಡ್" ಎಂಬ ಪದ ಆಗಿನಿಂದ ಎಲ್ಲ ಕಡೆ ಕಾಣುತ್ತದೆ. "ಮೇಡ್ ಇನ್ ಇಂಗ್ಲೆಂಡ್" ಇದ್ದರೆ ಹೆಚ್ಚಾಗಿ 20ನೇ ಶತಮಾನ. ಆದರೆ ಅಮೆರಿಕಕ್ಕೆ ಹೋಗದ ಸಾಮಾನಿಗೆ ಆ ಕಾಯ್ದೆ ಲೆಕ್ಕಕ್ಕಿಲ್ಲ. ಹೆಸರು ಇಲ್ಲದಿದ್ದರೆ 1891ಕ್ಕಿಂತ ಹಳೆಯದೇ ಅಂತ ತೀರ್ಮಾನ ಮಾಡಬೇಡಿ.

ಜಪಾನಿನವರು ಆಗ ತಮ್ಮ ಭಾಷೆಯಲ್ಲಿ ದೇಶಕ್ಕಿರುವ ಹೆಸರಾದ "ನಿಪ್ಪಾನ್" ಅಂತ ಹಾಕಿದರು. 1921ರಲ್ಲಿ ಅಮೆರಿಕ ಆ ಪದ ಒಪ್ಪುವುದಿಲ್ಲ, "ಜಪಾನ್" ಅಂತಲೇ ಇರಬೇಕು ಎಂದಿತು. ಹಾಗಾಗಿ ನಿಮ್ಮದು ನಿಜವಾದ ನಿಪ್ಪಾನ್ ಆದರೆ 1891ರಿಂದ 1921ರ ನಡುವಿನದು. "ಆಕ್ಯುಪೈಡ್ ಜಪಾನ್" ಅಂತ ಇದ್ದರೆ ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್ ಅಮೆರಿಕ ಮತ್ತು ಮಿತ್ರದೇಶಗಳ ಆಡಳಿತದಲ್ಲಿದ್ದ ಕಾಲದ್ದು, ಆ ಆಡಳಿತ 1952ರಲ್ಲಿ ಮುಗಿಯಿತು. ಪಶ್ಚಿಮ ಜರ್ಮನಿ ಎಂಬ ದೇಶ ಇದ್ದದ್ದು 1949ರಿಂದ 1990ರ ತನಕ. ಅದಕ್ಕೂ ಮೊದಲಿನ ಒಂದಷ್ಟು ವರ್ಷ "ಯು.ಎಸ್. ಝೋನ್" ಎಂಬ ಗುರುತು ಸಿಗುತ್ತದೆ, ಅಂದರೆ ಯುದ್ಧದ ನಂತರ ಅಮೆರಿಕದ ಹಿಡಿತದಲ್ಲಿದ್ದ ಜರ್ಮನಿಯ ಭಾಗ. "ಚೆಕೊಸ್ಲೊವಾಕಿಯಾ" ಎಂದಿದ್ದರೆ 1918ಕ್ಕಿಂತ ಈಚೆ. ಎಚ್ಚರ ಬೇಕಾದದ್ದು ನಿಪ್ಪಾನ್ ವಿಷಯದಲ್ಲಿ, ಅದಕ್ಕೆ ನಕಲಿ ಮುದ್ರೆಗಳು ಸಾಕಷ್ಟಿವೆ. ಜರ್ಮನಿಯ ಹೆಸರಾಂತ ಪಿಂಗಾಣಿ ಕಾರ್ಖಾನೆ ಮೈಸೆನ್‌ನ ಅಡ್ಡ ಕತ್ತಿಗಳ ಗುರುತಿಗೂ ಅದೇ ಗತಿ. ಚೀನಾದಲ್ಲಂತೂ ಹಳೆಯ ಚಕ್ರವರ್ತಿಯ ಹೆಸರನ್ನು ಗೌರವಕ್ಕೆ ಅಂತ ಎಷ್ಟೋ ಕಾಲದ ನಂತರದ ಪಿಂಗಾಣಿಯ ಮೇಲೂ ಬರೆಯುವ ರೂಢಿ ಇತ್ತು. ಕಾಂಗ್‌ಷಿ ಆಳಿದ್ದು 1661ರಿಂದ 1722, ಆದರೆ ಅವನ ಹೆಸರಿರುವ 19ನೇ ಶತಮಾನದ ಹೂದಾನಿಗಳು ಧಾರಾಳ.

ಪ್ರಶ್ನೆ: ರಾಯಲ್ ವೂಸ್ಟರ್ ತಟ್ಟೆಯ ಮುದ್ರೆಯ ಸುತ್ತ ಸಣ್ಣ ಚುಕ್ಕಿಗಳಿವೆ. ಬಣ್ಣ ಚೆಲ್ಲಿದ್ದಾ?

ಉತ್ತರ: ಅಲ್ಲ, ಅವುಗಳನ್ನು ಎಣಿಸಿ! 1891ರಲ್ಲಿ ಮುದ್ರೆಗೆ "ರಾಯಲ್ ವೂಸ್ಟರ್ ಇಂಗ್ಲೆಂಡ್" ಎಂಬ ಪದಗಳು ಸೇರಿದವು. 1892ರಲ್ಲಿ ಒಂದು ಚುಕ್ಕಿ, ಮರುವರ್ಷ ಎರಡು, ಹೀಗೆ ವರ್ಷಕ್ಕೊಂದು ಸೇರಿಸುತ್ತಾ 1915ಕ್ಕೆ ಇಪ್ಪತ್ತನಾಲ್ಕು ಆಯಿತು. ಇಂಥ ಗುಟ್ಟಿನ ಲೆಕ್ಕ ಬೇರೆಯವರಲ್ಲೂ ಇದೆ. ರಾಯಲ್ ಕ್ರೌನ್ ಡರ್ಬಿಯಲ್ಲಿ 1938ಕ್ಕೆ ರೋಮನ್ ಒಂದು, ಅಲ್ಲಿಂದ ಮುಂದಕ್ಕೆ ಎಣಿಸಿ, ಐದು ಇದ್ದರೆ 1942. ರಾಯಲ್ ಡೌಲ್ಟನ್‌ನ ಸಿಂಹ ಮತ್ತು ಕಿರೀಟದ ಬಲಕ್ಕೆ ಸಣ್ಣ ಅಂಕಿ ಇದ್ದರೆ ಅದಕ್ಕೆ 1927 ಕೂಡಿಸಿ. ವೆಡ್ಜ್‌ವುಡ್‌ನವರು 1860ರಿಂದ ಮಣ್ಣಿನಲ್ಲೇ ಮೂರು ಅಕ್ಷರ ಒತ್ತುತ್ತಿದ್ದರು, ತಿಂಗಳು, ಕುಂಬಾರ, ವರ್ಷ. ಇವುಗಳಿಂದ ಮಾತ್ರ ನೇರವಾಗಿ ವರ್ಷವೇ ಸಿಗುತ್ತದೆ, ಅದಕ್ಕೇ ಅಡಿಯಲ್ಲಿ ಕಾಣುವ ಯಾವ ಸಣ್ಣ ಕಲೆಯನ್ನೂ ಕೊಳೆ ಅಂತ ಉಜ್ಜಿ ತೆಗೆಯಬೇಡಿ. ಒತ್ತಿದ ಗುರುತು ಸರಿಯಾಗಿ ಕಾಣದಿದ್ದರೆ ಟಾರ್ಚನ್ನು ಪಕ್ಕದಿಂದ, ಅಡ್ಡಲಾಗಿ ಹಿಡಿಯಿರಿ, ನೆರಳಿನಲ್ಲಿ ಎದ್ದು ಬರುತ್ತದೆ.

ಪ್ರಶ್ನೆ: ಇಷ್ಟು ಚೆಂದದ ಕಪ್ಪುಗಳನ್ನು ಬರೀ ಕಪಾಟಿನಲ್ಲಿಡಲು ಮನಸ್ಸಿಲ್ಲ. ದಿನಾ ಚಹಾ ಕುಡಿಯಬಹುದಾ? ಬಿರುಕು ಇದೆಯೋ ಇಲ್ಲವೋ ನೋಡುವುದು ಹೇಗೆ?

ಉತ್ತರ: ಬಿರುಕಿನ ಮಾತು ಮೊದಲು. ಕಪ್ಪನ್ನು ಅಂಗೈ ಮೇಲೆ ನಿಲ್ಲಿಸಿ, ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿ. ಬೋನ್ ಚೈನಾ ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ಟಿಂಗ್ ಅನ್ನುತ್ತದೆ, ಎಲ್ಲೋ ಸೀಳು ಬಿಟ್ಟಿದ್ದರೆ ದಬ್ ಅಂತ ಸತ್ತ ಸದ್ದು ಬರುತ್ತದೆ. ಮಣ್ಣಿನ ತಟ್ಟೆಗಳಿಗೆ ಈ ಪರೀಕ್ಷೆ ಅಷ್ಟು ಸರಿಬರುವುದಿಲ್ಲ, ಅವುಗಳ ಸದ್ದೇ ಮಂದ. ಆಮೇಲೆ ಬೆಳಕಿಗೆ ಹಿಡಿದು ಹಿಂದೆ ಬೆರಳು ಆಡಿಸಿ. ಬೋನ್ ಚೈನಾ ಅಂದರೆ ಸುಮಾರು ಅರ್ಧದಷ್ಟು ಮೂಳೆಯ ಬೂದಿ ಬೆರೆಸಿದ್ದು, ಬೆರಳಿನ ನೆರಳು ಅದರ ಮೂಲಕ ಕಾಣುತ್ತದೆ, ಕೂದಲೆಳೆಯ ಬಿರುಕೂ ಕಪ್ಪು ಗೆರೆಯಾಗಿ ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಅಂಟು ಹಾಕಿ ಬಣ್ಣ ಬಳಿದ ಜಾಗ ಸಾಮಾನ್ಯವಾಗಿ ಸುತ್ತಲಿನದಕ್ಕಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ.

ಕುಡಿಯುವ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹಳೆಯ ಗ್ಲೇಜ್‌ನಲ್ಲೂ, ಗ್ಲೇಜ್ ಮೇಲೆ ಬಳಿದ ಬಣ್ಣಗಳಲ್ಲೂ ಸೀಸ ಇರುತ್ತಿತ್ತು. ಹುಳಿ ಪದಾರ್ಥ, ಬಿಸಿ ಪದಾರ್ಥ ತುಂಬಾ ಹೊತ್ತು ಇದ್ದರೆ ಸೀಸ ಬಿಡುವ ಸಾಧ್ಯತೆ ಜಾಸ್ತಿ. ಹಾಗಾಗಿ ಚಿತ್ತಾರ ಕಪ್ಪಿನ ಒಳಗೇ ಇದ್ದರೆ, ಅಥವಾ ಗ್ಲೇಜ್ ಜೇಡರ ಬಲೆಯ ಹಾಗೆ ಬಿರಿದು ಬಿರುಕಿನೊಳಗೆ ಕಂದು ಕಲೆ ಇಳಿದಿದ್ದರೆ, ಅದನ್ನು ನೋಡಲು ಮಾತ್ರ ಇಟ್ಟುಕೊಳ್ಳಿ. ಮಕ್ಕಳಿಗಂತೂ ಬೇಡವೇ ಬೇಡ. ದಿನಾ ಬಳಸಲೇಬೇಕು ಅಂತಿದ್ದರೆ ಪ್ರಯೋಗಾಲಯದಲ್ಲಿ ಸೀಸದ ಪರೀಕ್ಷೆ ಮಾಡಿಸಿ, ಕಣ್ಣಳತೆ ಇಲ್ಲಿ ಕೆಲಸಕ್ಕೆ ಬಾರದು. ಚಿನ್ನದ ಗೆರೆ ಇರುವುದನ್ನು ಮೈಕ್ರೋವೇವ್‌ನಲ್ಲಿ ಇಡಬೇಡಿ, ಕಿಡಿ ಹಾರುತ್ತದೆ. ಡಿಶ್‌ವಾಷರ್ ಆ ಚಿನ್ನವನ್ನು ದಿನೇ ದಿನೇ ತಿಂದುಹಾಕುತ್ತದೆ. ಬಿರಿದ ಗ್ಲೇಜ್‌ನ ಕಲೆ ತೆಗೆಯಲು ಬ್ಲೀಚ್ ಹಾಕಬೇಡಿ, ಒಳಗಿಳಿದು ಗ್ಲೇಜನ್ನೇ ಎಬ್ಬಿಸಬಹುದು. ಉಗುರು ಬೆಚ್ಚಗಿನ ನೀರು, ಮೆದು ಸೋಪು, ಮೆತ್ತನೆ ಬಟ್ಟೆ, ತೊಳೆಯುವ ಪಾತ್ರೆಯ ತಳಕ್ಕೆ ಮಡಿಸಿದ ಟವಲ್ ಹಾಸಿ ಒಂದೊಂದಾಗಿ ತೊಳೆಯಿರಿ. ಕಪ್ಪುಗಳನ್ನು ಒಂದರೊಳಗೊಂದು ಪೇರಿಸಬೇಡಿ, ಹಿಡಿಯಲ್ಲಿ ಎತ್ತಬೇಡಿ, ಹಳೆಯ ಅಂಟಿನ ಜೋಡಣೆ ಇದ್ದರೆ ಅದು ಮೊದಲು ಬಿಡುವುದು ಬಿಸಿ ನೀರಿನಲ್ಲೇ.